ಒರಳುಕಲ್ಲು, ಟ್ರೇಲರು ಮತ್ತು ಒಂದು ಹಳೇ ಸಿನಿಮಾ

ನಗೋಕೆ ಅಂತ ಹಾಕಿಕೊಂಡ ಸಿನಿಮಾ ನಮ್ಮಿಬ್ಬರ ಬಾಯನ್ನೂ ಕಟ್ಟಿಹಾಕಿತು.

2019ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸ್ಯಾನ್ ಸಿಮಿಯೋನ್ ಹತ್ತಿರದ ಒಂದು ಕ್ಯಾಂಪ್‌ಗ್ರೌಂಡ್. ಬಾಡಿಗೆಗೆ ತಂದಿದ್ದ 18 ಅಡಿ ಟ್ರೇಲರಿನೊಳಗೆ ನಾನೂ ನನ್ನ ಗಂಡನೂ. ಟ್ರೇಲರ್ ಅಂದ್ರೆ ಕಾರಿನ ಹಿಂದೆ ಕಟ್ಟಿಕೊಂಡು ಎಳೆಯೋ ಮನೆ: ಮಂಚ, ಒಲೆ, ಸಿಂಕು, ಬೆಂಕಿಪೊಟ್ಟಣದಷ್ಟು ಬಚ್ಚಲು, ಎಲ್ಲಾ ಇರುತ್ತೆ. ಹೊರಗೆ ಮಂಜು, ಫೋನಿಗೆ ಸಿಗ್ನಲ್ ಇಲ್ಲ. ಹಿಂದಿನ ದಿನದಿಂದ ನಮ್ಮಿಬ್ಬರಿಗೆ ಸರಿಯಾಗಿ ಮಾತೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಮೊದಲೇ ಇಳಿಸಿಟ್ಟಿದ್ದ 'ದಿ ಲಾಂಗ್, ಲಾಂಗ್ ಟ್ರೇಲರ್' ಹಾಕಿದೆವು.

1954ರ ಸಿನಿಮಾ ಇದು. ನಿರ್ದೇಶಕ ವಿನ್ಸೆಂಟ್ ಮಿನೆಲಿ. ನಟಿಸಿದ್ದು ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್, ಆಗ 'ಐ ಲವ್ ಲೂಸಿ' ಅನ್ನೋ ಟೀವಿ ಸರಣಿಯಿಂದ ಮನೆಮಾತಾಗಿದ್ದ ಗಂಡ ಹೆಂಡತಿ. ಚಿತ್ರಕಥೆ ಬರೆದ ಫ್ರಾನ್ಸಿಸ್ ಗುಡ್ರಿಚ್ ಮತ್ತು ಆಲ್ಬರ್ಟ್ ಹ್ಯಾಕೆಟ್ ಕೂಡ ಗಂಡ ಹೆಂಡತಿಯೇ. ಟೀವಿಯಲ್ಲಿ ಪುಕ್ಕಟೆ ಸಿಗೋ ಜೋಡಿಯನ್ನ ದುಡ್ಡು ಕೊಟ್ಟು ಯಾರು ನೋಡ್ತಾರೆ ಅಂತ ಸ್ಟುಡಿಯೋಗೆ ಅನುಮಾನ ಇತ್ತಂತೆ. ಜನ ನೋಡಿದರು, ಸಿನಿಮಾ ಗೆದ್ದಿತು.

ಕತೆ ಸರಳ. ನಿಕಿ ಎಂಜಿನಿಯರ್, ಕೆಲಸ ಕರೆದ ಕಡೆ ಹೋಗಬೇಕು. ಟೇಸಿಗೆ ತನ್ನದು ಅಂತ ಒಂದು ಮನೆ ಬೇಕು. ಹಾಗಾದ್ರೆ ಮನೆಯೇ ಜೊತೆಗೆ ಬರಲಿ ಅಂತ ಅವಳು ಟ್ರೇಲರಿನ ಆಸೆ ಹುಟ್ಟಿಸ್ತಾಳೆ. ಮದುವೆಯಾಗಿ, 36 ಅಡಿ ಉದ್ದದ ಟ್ರೇಲರನ್ನ ಕಾರಿಗೆ ಸಿಕ್ಕಿಸಿಕೊಂಡು ಹೊರಡ್ತಾರೆ. ಆಮೇಲೆ ಅನಾಹುತದ ಮೇಲೆ ಅನಾಹುತ. ನೆಂಟರ ಮನೆಯಂಗಳದಲ್ಲಿ ರಿವರ್ಸ್ ತಗೊಳ್ಳೋಕೆ ಹೋಗಿ ಅವರ ತೋಟ ಹಾಳು. ಕೆಸರಲ್ಲಿ ಓರೆಯಾಗಿ ನಿಂತ ಟ್ರೇಲರಿನಲ್ಲಿ ಒಂದು ರಾತ್ರಿ. ಓಡುತ್ತಿರೋ ಟ್ರೇಲರಿನೊಳಗೆ ಟೇಸಿ ಅಡುಗೆ ಮಾಡೋ ದೃಶ್ಯವಂತೂ ಹೊಟ್ಟೆ ಹಿಡ್ಕೊಂಡು ನಗಿಸುತ್ತೆ. (ಈಗ ಕ್ಯಾಲಿಫೋರ್ನಿಯಾದಲ್ಲಿ ಇಂಥ ಟ್ರೇಲರ್ ಓಡುವಾಗ ಒಳಗೆ ಕೂರೋದೇ ಕಾನೂನಿಗೆ ವಿರುದ್ಧ.)

ನಾವು ಸುಮ್ಮನಾಗಿದ್ದು ಕಲ್ಲುಗಳ ಹತ್ತಿರ. ಟೇಸಿ ಹೋದ ಊರಿನಿಂದೆಲ್ಲ ನೆನಪಿಗೆ ಅಂತ ಕಲ್ಲು ಎತ್ತಿಕೊಂಡು ಬಂದಿರ್ತಾಳೆ. ಮುಂದೆ ಕಡಿದಾದ ಬೆಟ್ಟದ ದಾರಿ, ಭಾರ ಇಳಿಸಬೇಕು, ಎಲ್ಲ ಬಿಸಾಡು ಅಂತಾನೆ ನಿಕಿ. ಅವಳಿಗೆ ಮನಸ್ಸು ಬರಲ್ಲ, ಒಳಗೇ ಬಚ್ಚಿಡ್ತಾಳೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಮಧ್ಯೆ ಸಣ್ಣ ರಸ್ತೆ. ಇಬ್ಬರೂ ಹೆದರಿದ್ದಾರೆ, ಇಬ್ಬರೂ ಹೆದರಿಲ್ಲ ಅನ್ನೋ ಹಾಗೆ ಮಾತಾಡ್ತಿದ್ದಾರೆ. ಮಿನೆಲಿಯ ಜಾಣತನ ಇರೋದು ಇಲ್ಲಿ. ಅಲ್ಲಿವರೆಗೆ ಬಿದ್ದು ಎದ್ದು ನಗಿಸಿದ ಸಿನಿಮಾ ಈ ಏರಿನಲ್ಲಿ ಥ್ರಿಲ್ಲರ್ ಆಗುತ್ತೆ. ಮೇಲೆ ತಲುಪಿದ ಮೇಲೆ ನಿಕಿಗೆ ಕಲ್ಲುಗಳು ಸಿಗುತ್ತವೆ. ಒಂದೊಂದಾಗಿ ಎತ್ತಿ ಪ್ರಪಾತಕ್ಕೆ ಎಸೀತಾನೆ. ಆ ಹೊತ್ತಲ್ಲಿ ಅವನ ಮುಖದಲ್ಲಿ ಕಾಮಿಡಿ ಇಲ್ಲ.

ನಮ್ಮ ಜಗಳವೂ ಒಂದು ಕಲ್ಲಿಂದಲೇ ಶುರುವಾಗಿತ್ತು. ಬೆಂಗಳೂರಿನ ಕೆಲಸ ಬಿಟ್ಟು ಎಚ್-ಫೋರ್ ವೀಸಾದಲ್ಲಿ ಸ್ಯಾನ್ ಹೋಸೆಗೆ ಬರುವಾಗ, ಅಜ್ಜಿಯ ಪುಟ್ಟ ಒರಳುಕಲ್ಲನ್ನ ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದೆ. ಐದಾರು ಕಿಲೋ ಇರಬಹುದು. ಟ್ರೇಲರಿಗೆ ಸಾಮಾನು ತುಂಬುವಾಗ ಅವನು ಪಟ್ಟಿ ಹಿಡಿದು ಭಾರ ಲೆಕ್ಕ ಹಾಕ್ತಾ ಇದ್ದ. "ಇದು ಬೇಡ ಕಣೇ, ಚಟ್ನಿಗೆ ಮಿಕ್ಸಿ ಸಾಕು," ಅಂದ. ಹೂಂ ಅಂದೆ. ಅವನು ಆಚೆ ಹೋದ ಮೇಲೆ ಹಿಂದಿನ ಮಂಚದ ಕೆಳಗೆ ತಳ್ಳಿದೆ. ಬಿಗ್ ಸರ್‌ನಲ್ಲಿ ಅವನಿಗೆ ಅದು ಸಿಕ್ಕಿತು. ಅವನು ನಿಕಿ ಥರ ಎಸೆಯಲಿಲ್ಲ. "ಇದನ್ನ ನನಗೆ ಹೇಳಬಾರದಿತ್ತಾ?" ಅಂದ, ಅಷ್ಟೇ. ಎಸೆದಿದ್ದರೆ ನನಗೆ ಸುಲಭ ಆಗ್ತಿತ್ತು.

ಅವತ್ತು ನಾನು ಪೂರ್ತಿ ಟೇಸಿ ಪಾರ್ಟಿ. ಕೆಲಸ ಅವನದು, ಊರು ಅವನ ಕೆಲಸ ಕೊಟ್ಟ ಊರು. ನನ್ನದು ಅಂತ ಇರೋದು ಈ ಕಲ್ಲು, ಅದೂ ಭಾರವೇ? ಸಿನಿಮಾದ ಮೇಲೆ ನನ್ನ ತಕರಾರೂ ಇದೇ ಆಗಿತ್ತು. ಇಡೀ ಕತೆಯನ್ನ ಹೇಳೋನು ನಿಕಿ. ಜಗಳ ಎಲ್ಲ ಮುಗಿದ ಮೇಲೆ, ಮಳೆಯಲ್ಲಿ ನೆನೆದು ಬಂದು, ಟ್ರೇಲರ್ ಪಾರ್ಕಿನಲ್ಲಿದ್ದ ಅಪರಿಚಿತನೊಬ್ಬನಿಗೆ ತನ್ನ ಗೋಳು ತೋಡಿಕೊಳ್ತಾನೆ. ನಾವು ನೋಡೋ ಟೇಸಿ ಅವನು ಹೇಳಿದ ಟೇಸಿ. 36 ಅಡಿ ಟ್ರೇಲರಿನಲ್ಲಿ ಭಾರ ಅಂತ ಕಾಣೋದು ಅವಳ ಕಲ್ಲು ಮಾತ್ರ. ಮೇಲಿಂದ ಮೇಲೆ ಊರು ಬದಲಿಸೋ ಅವನ ನೌಕರಿಯ ಭಾರವನ್ನ ಯಾವ ತಕ್ಕಡಿಯಲ್ಲೂ ಇಡಲ್ಲ ಈ ಸಿನಿಮಾ. ಕೊನೆಗೆ ಮಳೆಯಲ್ಲಿ ಇಬ್ಬರನ್ನೂ ಒಂದು ಮಾಡಿ ಕೈ ತೊಳೆದುಕೊಳ್ಳುತ್ತೆ.

ಈ ತಕರಾರು ಈಗಲೂ ಸರಿ ಅನ್ಸುತ್ತೆ. ಆದರೆ ಅರ್ಧ ಮಾತ್ರ ಸರಿ.

ಯಾಕಂದ್ರೆ ಹೈವೇ ಒಂದರಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗ ಸಮುದ್ರ ಬಲಗಡೆ ಇರುತ್ತೆ. ಅಮೆರಿಕದ ಕಾರಲ್ಲಿ ಡ್ರೈವರ್ ಎಡಗಡೆ. 1932ರಲ್ಲಿ ಕಟ್ಟಿದ ಬಿಕ್ಸ್‌ಬಿ ಸೇತುವೆಯ ಕಮಾನು, ಕೆಳಗೆ ಬಂಡೆಗೆ ಬಡಿಯೋ ಬಿಳಿ ನೊರೆ, ನೂರು ಬಗೆಯ ನೀಲಿ, ಎಲ್ಲ ನನ್ನ ಕಿಟಕಿಯಲ್ಲಿತ್ತು. ಅವನ ಪಾಲಿಗೆ ಬಂದಿದ್ದು ಕನ್ನಡಿ. ಟ್ರೇಲರ್ ಎಳೆಯೋರಿಗೆ ಗಂಟೆಗೆ 55 ಮೈಲಿಯೇ ಮಿತಿ, ಆ ತಿರುವುಗಳಲ್ಲಿ ಅದೂ ಆಗಲ್ಲ. ಹಿಂದೆ ಐದು ಗಾಡಿ ಸಾಲು ನಿಂತರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು ಅಂತ ನಿಯಮ. ಅವನು ಸಮುದ್ರ ನೋಡೋದು ಬಿಟ್ಟು ಹಿಂದಿನ ಗಾಡಿ ಎಣಿಸ್ತಿದ್ದ. "ಅಯ್ಯೋ, ಅಲ್ಲಿ ನೋಡೋ," ಅಂತ ನಾನು ಕೂಗಿದಾಗೆಲ್ಲ ಅವನು ನೋಡದೇ "ಸಖತ್ತಾಗಿದೆ" ಅಂದಿದ್ದು ಯಾಕೆ ಅಂತ ಹೊಳೆದಿದ್ದು, ಪರದೆ ಮೇಲೆ ನಿಕಿ ಸ್ಟೀರಿಂಗ್ ಬಿಗಿಯಾಗಿ ಹಿಡಿದಾಗ.

ಟ್ರೇಲರ್ ಬಾಡಿಗೆಗೆ ಕೊಟ್ಟವನು ಒಂದು ಮಾತು ಹೇಳಿದ್ದ. ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಹಿಂದುಗಡೆ ಭಾರ ಜಾಸ್ತಿಯಾದರೆ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ಐದಾರು ಕಿಲೋ ಒರಳಿನಿಂದ ಏನೂ ಆಗ್ತಿರಲಿಲ್ಲ, ನಿಜ. ಆದರೆ ಗಾಡಿಯಲ್ಲಿ ಏನೇನು ಎಲ್ಲೆಲ್ಲಿದೆ ಅಂತ ತನಗೆ ಗೊತ್ತು ಅಂದುಕೊಂಡು ಅವನು ಅಷ್ಟು ತಿರುವು ದಾಟಿಸಿದ್ದ. ಬಚ್ಚಿಡೋ ಬದಲು "ಇದು ಬೇಕೇ ಬೇಕು, ಎಲ್ಲಿಡೋಣ?" ಅಂತ ನಾನು ಕೇಳಬಹುದಿತ್ತು. ಟೇಸಿಯೂ ಕೇಳಬಹುದಿತ್ತು. ಹಾಗೆ ಕೇಳೋ ಜಾಗ ಅವಳಿಗಿತ್ತಾ ಅನ್ನೋದನ್ನ ಈ ಸಿನಿಮಾ ಕೇಳಲ್ಲ. ನನಗಿತ್ತು.

ಇನ್ನೊಂದು ವಿಷಯ. ನಿಕಿಯೊಬ್ಬನೇ ಕತೆ ಹೇಳ್ತಾನೆ ಅಂತ ಬೈದೆನಲ್ಲ, ಈಗ ಈ ಅಂಕಣದಲ್ಲಿ ಕತೆ ಹೇಳ್ತಿರೋಳು ನಾನೊಬ್ಬಳೇ. ನನ್ನ ಗಂಡನನ್ನ ಕೇಳಿದರೆ ಬೇರೆ ಪ್ರವಾಸವೇ ಹೊರಬರಬಹುದು.

ತೆರೆಯ ಮೇಲೆ ಮಳೆಯಲ್ಲಿ ಒಂದಾದ ಆ ಜೋಡಿ 1960ರಲ್ಲಿ ಡೈವೋರ್ಸ್ ತಗೊಂಡರು. ಇದು ಗೊತ್ತಿದ್ದು ನೋಡಿದರೆ ಆ ಸುಖಾಂತ್ಯ ಪೂರ್ತಿ ಸಿಹಿ ಅನ್ಸಲ್ಲ. ಆದರೂ ಹೊಸದಾಗಿ ಮದುವೆಯಾದ ಫ್ರೆಂಡ್ಸಿಗೆಲ್ಲ ಈ ಸಿನಿಮಾ ನೋಡಿ ಅಂತೀನಿ. ಇನ್‌ಸ್ಟಾಗ್ರಾಮಿನ ರೋಡ್‌ಟ್ರಿಪ್ ರೀಲುಗಳಲ್ಲಿ ಯಾರೂ ಟ್ರೇಲರ್ ರಿವರ್ಸ್ ತಗೊಳ್ಳಲ್ಲ, ಯಾರೂ ಏನನ್ನೂ ಬಚ್ಚಿಟ್ಟಿರಲ್ಲ. ಇಲ್ಲಿ ಇಬ್ಬರೂ ಬೆವರ್ತಾರೆ.

ಮಾರನೇ ದಿನ ಒರಳುಕಲ್ಲನ್ನ ಇಬ್ಬರೂ ಸೇರಿ ಮುಂದುಗಡೆ ಸರಿಸಿಟ್ಟೆವು. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇತ್ತು, ಮೋರೋ ಬೇವರೆಗೆ ನಾನೇ ಓಡಿಸಿದೆ. ಕೈ ಬೆವರಿತ್ತು, ಕನ್ನಡಿ ಬಿಟ್ಟು ಬೇರೇನೂ ನೋಡಲಿಲ್ಲ. ಅಲ್ಲಿ ನೀರಂಚಿನಲ್ಲಿ ಗುಡ್ಡದಷ್ಟು ದೊಡ್ಡ ಬಂಡೆಯೊಂದು ಎದ್ದು ನಿಂತಿದೆ. ಅವನು ಕಿಟಕಿಯಿಂದ ಅದನ್ನೇ ನೋಡ್ತಾ, "ಇದನ್ನೂ ಮಂಚದ ಕೆಳಗೆ ಹಾಕ್ಕೊಳ್ಳೋಣ್ವಾ?" ಅಂದ.

"ಸಖತ್ತಾಗಿದೆ," ಅಂದೆ, ನೋಡದೇ.