ನಡಿಗೆಯೆಂಬ ಚಿಕಿತ್ಸೆ: ಒಂದು ಇತಿಹಾಸನಿರೂಪಣೆಯ ವಿಮರ್ಶೆ

ನಡೆಯುವಾಗ ಮೀನಖಂಡದಲ್ಲಿ ನೋವು ಹುಟ್ಟಿ, ನಿಂತ ಕೆಲವು ನಿಮಿಷಗಳಲ್ಲಿ ಶಮನವಾಗಿ, ಮತ್ತೆ ನಡೆದರೆ ಮರುಕಳಿಸುವ ವ್ಯಾಧಿಯನ್ನು ಪಾಶ್ಚಾತ್ಯ ವೈದ್ಯರು ಇಂಟರ್ಮಿಟೆಂಟ್ ಕ್ಲಾಡಿಕೇಶನ್ ಎಂದು ಕರೆದಿದ್ದಾರೆ. ಕಾಲಿನ ಅಪಧಮನಿಗಳು ಸಂಕುಚಿತವಾಗಿ, ದುಡಿಯುವ ಸ್ನಾಯುವಿಗೆ ಬೇಕಾದಷ್ಟು ರಕ್ತ ಒದಗದಿರುವುದೇ ಇದಕ್ಕೆ ಕಾರಣ. ಇದರ ಚಿಕಿತ್ಸೆಯ ಇತಿಹಾಸವನ್ನು ಹೇಳುವಲ್ಲಿ ರೂಢಿಗೆ ಬಂದಿರುವ ಕ್ರಮವನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ. ನಾವು ವೈದ್ಯರಲ್ಲ, ಆದರೆ ಆಧಾರಗಳನ್ನು ತೂಗಿ ನೋಡುವುದು ಇತಿಹಾಸಕಾರನ ಧರ್ಮವಾದುದರಿಂದ ಈ ವಿಷಯ ನಮ್ಮ ಕ್ಷೇತ್ರಕ್ಕೆ ಹೊರತಾದುದಲ್ಲ.

ರೂಢಿಯ ನಿರೂಪಣೆ ಹೀಗಿದೆ: 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೆ ಈ ಕುಂಟನ್ನು ಕುದುರೆಯಲ್ಲಿ ಗುರುತಿಸಿದನು, 1858ರಲ್ಲಿ ಶಾರ್ಕೋ ಅದನ್ನು ಮನುಷ್ಯನಲ್ಲಿ ವಿವರಿಸಿದನು, 1948ರಲ್ಲಿ ಕುನ್ಲಿನ್ ರೋಗಿಯ ಅಭಿಧಮನಿಯನ್ನೇ ಬಳಸಿ ರಕ್ತಕ್ಕೆ ಬದಲುಮಾರ್ಗವನ್ನು ನಿರ್ಮಿಸಿದನು, 1964ರಲ್ಲಿ ಅಮೆರಿಕದ ಡಾಟರ್ ಚರ್ಮದ ಮೂಲಕ ನಳಿಕೆಯನ್ನು ತೂರಿಸಿ ಅಪಧಮನಿಯನ್ನು ಹಿಗ್ಗಿಸಿದನು. ಈ ಸಾಲಿನಲ್ಲಿ ವ್ಯಾಯಾಮಕ್ಕೆ ಹಲವು ವೇಳೆ ದೊರೆಯುವುದು ಅಡಿಟಿಪ್ಪಣಿಯಷ್ಟು ಸ್ಥಳ ಮಾತ್ರ.

ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿ ಬೆರೆಸುವುದೇ ಈ ನಿರೂಪಣೆಯ ದೋಷ. ಡಾಟರನ ಮೊದಲ ರೋಗಿ 82 ವರ್ಷದ ವೃದ್ಧೆ. ಆಕೆಯ ಪಾದ ಕೊಳೆಯತೊಡಗಿ, ಕಾಲನ್ನೇ ಕತ್ತರಿಸಬೇಕೆಂಬ ಸ್ಥಿತಿ ಒದಗಿತ್ತು. ನಾಶವಾಗಲಿರುವ ಕಾಲನ್ನು ಉಳಿಸುವುದು ಒಂದು ಕಾರ್ಯ. ನೋವಿಲ್ಲದೆ ನಡೆಯಬಲ್ಲ ದೂರವನ್ನು ಹೆಚ್ಚಿಸುವುದು ಮತ್ತೊಂದು. ಮೊದಲನೆಯದರಲ್ಲಿ ಸಂದ ಕೀರ್ತಿಯನ್ನು ವಿಚಾರಣೆಯಿಲ್ಲದೆ ಎರಡನೆಯದಕ್ಕೂ ವಿಸ್ತರಿಸುವುದು ಸಾಧುವಲ್ಲ.

ಇದಕ್ಕೆ ಪ್ರತಿಯಾಗಿ ವ್ಯಾಯಾಮದ ಪಕ್ಷವನ್ನು ಹಿಡಿದವರು, ಜರ್ಮನಿಯ ವಿಲ್ಹೆಲ್ಮ್ ಎರ್ಬ್ 1898ರಲ್ಲೇ ನಡಿಗೆಯನ್ನು ಸೂಚಿಸಿದ್ದನೆಂದು ನೆನಪಿಸುತ್ತಾರೆ. ಇದರಿಂದ ಎಲ್ಲವೂ ಆಗಲೇ ವಿದಿತವಾಗಿತ್ತೆಂದು ಹೇಳುವುದಾದರೆ ಅದೂ ಒಪ್ಪತಕ್ಕುದಲ್ಲ. ಸಲಹೆ ಬೇರೆ, ಪ್ರಮಾಣ ಬೇರೆ. 1966ರಲ್ಲಿ ಡೆನ್ಮಾರ್ಕಿನ ಲಾರ್ಸನ್ ಮತ್ತು ಲಾಸ್ಸನ್ 14 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಮಾತ್ರ ದಿನನಿತ್ಯದ ವ್ಯಾಯಾಮವನ್ನು ವಿಧಿಸಿದರು. ಆ ಗುಂಪಿನವರ ನಡೆಯುವ ಶಕ್ತಿ ವೃದ್ಧಿಯಾಯಿತು. ಸಂಖ್ಯೆ ಅಲ್ಪವೇ, ಆದರೂ ಹೋಲಿಕೆಗೆ ಮತ್ತೊಂದು ಗುಂಪಿದ್ದುದರಿಂದ ಅಭಿಪ್ರಾಯವು ಪರೀಕ್ಷೆಗೆ ಒಳಪಟ್ಟಿತು. ಸಲಹೆಗೂ ಪರೀಕ್ಷೆಗೂ ನಡುವೆ ಕಳೆದುದು 68 ವರ್ಷ.

ಈ ವಿಳಂಬಕ್ಕೆ ಕಾರಣವೇನು? ನಮ್ಮ ಅಭಿಪ್ರಾಯದಲ್ಲಿ, ರೋಗವನ್ನು ಕಟ್ಟಿಕೊಂಡ ಕೊಳವೆಯೆಂದು ಮಾತ್ರ ಭಾವಿಸಿದುದು ಒಂದು ಮುಖ್ಯ ಕಾರಣ. ಕೊಳವೆ ಕಟ್ಟಿದ್ದರೆ ಅದನ್ನು ತೆರೆಯಬೇಕು. ನಡೆದು ಫಲವೇನು ಎಂಬ ತರ್ಕ ಸುಲಭವಾಗಿ ಒಪ್ಪಿಗೆಯಾಗುವಂಥದು. ಆದರೆ ಅನಂತರದ ಪರೀಕ್ಷೆಗಳಲ್ಲಿ ನಡೆಯುವ ದೂರ ಗಣನೀಯವಾಗಿ ಹೆಚ್ಚಿದರೂ ಕಣಕಾಲಿನಲ್ಲಿ ಅಳೆದ ರಕ್ತದೊತ್ತಡ ಅಷ್ಟಾಗಿ ಬದಲಾಗಲಿಲ್ಲ. ಸ್ನಾಯು ಆಮ್ಲಜನಕವನ್ನು ಬಳಸುವ ರೀತಿ, ರಕ್ತನಾಳದ ಒಳಪದರದ ಗುಣ, ನಡಿಗೆಯ ಮಿತವ್ಯಯ ಇವೇ ಸುಧಾರಿಸಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಕೊಳವೆಯ ಉಪಮಾನವು ಅಸತ್ಯವಲ್ಲ, ಅಪೂರ್ಣ.

2012ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದು 111 ರೋಗಿಗಳನ್ನು ಒಳಗೊಂಡಿತ್ತು. ಆರು ತಿಂಗಳ ಕೊನೆಯಲ್ಲಿ, ನಡೆಯಬಲ್ಲ ಗರಿಷ್ಠ ಕಾಲದ ಹೆಚ್ಚಳದಲ್ಲಿ ಮೇಲ್ವಿಚಾರಣೆಯ ವ್ಯಾಯಾಮವು ಸ್ಟೆಂಟಿಗಿಂತ ಮೇಲಾಯಿತು. ರೋಗಿಗಳು ತಾವೇ ಹೇಳಿದ ಜೀವನಸೌಖ್ಯದಲ್ಲಾದರೋ ಸ್ಟೆಂಟೇ ಹಲವು ಅಂಶಗಳಲ್ಲಿ ಮುಂದಿತ್ತು. ಈ ಎರಡನೆಯ ಮಾತನ್ನು ಮರೆಮಾಚುವುದು ಇತಿಹಾಸವಲ್ಲ, ವಕಾಲತ್ತು.

ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಈ ಅಭ್ಯಾಸಕ್ಕೆ ತಿಂಗಳುಗಟ್ಟಲೆ ಸಮಯವೂ ಜೊತೆಗೊಬ್ಬ ಮೇಲ್ವಿಚಾರಕನೂ ಬೇಕು. ಅಮೆರಿಕದ ಸರ್ಕಾರೀ ವಿಮೆಯಾದ ಮೆಡಿಕೇರ್ 12 ವಾರಗಳಲ್ಲಿ 36 ಸಲದ ಅಭ್ಯಾಸಕ್ಕೆ ಹಣ ಕೊಡಲು ಒಪ್ಪಿದುದು 2017ರಲ್ಲಿ. ಅಂದರೆ ಡೆನ್ಮಾರ್ಕಿನ ಪರೀಕ್ಷೆಯಾದ 51 ವರ್ಷಗಳ ಮೇಲೆ. ಪ್ರಮಾಣ ದೊರೆತರೂ ಅದನ್ನು ನಡೆಸುವ ವ್ಯವಸ್ಥೆ ದೊರೆಯದೆ ಹೋಗಬಹುದೆಂಬುದಕ್ಕೆ ಇದೊಂದು ನಿದರ್ಶನ. ಉಪಕರಣಗಳನ್ನು ಕಂಡುಹಿಡಿದವರ ಹೆಸರುಗಳನ್ನು ಪೋಣಿಸುವುದರಿಂದ ಚಿಕಿತ್ಸೆಯ ಇತಿಹಾಸ ಪೂರ್ಣವಾಗದು. ಯಾವುದು ತಿಳಿದಿತ್ತು, ಯಾವಾಗ ಸಿದ್ಧವಾಯಿತು, ರೋಗಿಗೆ ಎಂದು ತಲುಪಿತು ಎಂಬ ಮೂರು ಪ್ರಶ್ನೆಗಳನ್ನೂ ಬೇರೆಬೇರೆಯಾಗಿ ಕೇಳಿದಲ್ಲಿ ಮಾತ್ರ ಅದು ಇತಿಹಾಸವೆನಿಸಿಕೊಳ್ಳುತ್ತದೆ.