ಮಾಳಿಗೆಯ ಮಣ್ಣಿಗೆ ಸಿಗದ ಮರ್ಯಾದೆ

ಹಳೆಯ ಮನೆಗಳ ಸಂರಕ್ಷಣೆ ಎಂದೊಡನೆ ಕನ್ನಡ ನಾಡಿನಲ್ಲಿ ಮೊದಲು ಕೇಳಿಬರುವ ಹೆಸರು ಮಣಿಪಾಲದ ವಿಜಯನಾಥ ಶೆಣೈ ಅವರದು. ಬ್ಯಾಂಕಿನ ನೌಕರಿಯಲ್ಲಿದ್ದ ಈ ಮನುಷ್ಯ, ಕೆಡವಲು ಹೊರಟ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ ಹಟ ಸಣ್ಣದಲ್ಲ. ಕುಕನೂರಿನ ಕಮಲ ಮಹಲು, ಮುಧೋಳ ಅರಮನೆಯ ದರ್ಬಾರ್ ಹಾಲ್ ಇಂದಿಗೂ ನೋಡಲು ಸಿಗುತ್ತಿದ್ದರೆ ಅದು 2017ರಲ್ಲಿ ತೀರಿಕೊಂಡ ಶೆಣೈ ಅವರಿಂದ. ಆ ಋಣವನ್ನು ಒಪ್ಪಿಕೊಂಡ ಮೇಲೂ ಹೇಳಲೇಬೇಕಾದ ಮಾತೊಂದು ಉಳಿಯುತ್ತದೆ. ಹಾಗೆ ತಂದ ಮನೆಗಳನ್ನು ಮಣಿಪಾಲದಲ್ಲಿ ಜೋಡಿಸಿ ನಿಲ್ಲಿಸಿದ ಅವರ ಹಸ್ತಶಿಲ್ಪ ಗ್ರಾಮದಲ್ಲಿ ಉಳಿದಿರುವುದು ಮುಖ್ಯವಾಗಿ ಮರಗೆಲಸ. ಅದನ್ನೇ ಮನೆಯ ಸಂರಕ್ಷಣೆಯ ಮಾದರಿ ಎಂದು ಹೊಗಳಿದ್ದರಿಂದ ಬಯಲುಸೀಮೆಯ ಮನೆಗಳಿಗೆ ಕೇಡಾಗಿದೆ.

ಮುಧೋಳ ಬೆಳಗಾವಿ ಜಿಲ್ಲೆಯ ಮೂಡಲಗಿಯ ನೆರೆಯ ಊರು. ಎರಡೂ ಕಪ್ಪು ಮಣ್ಣಿನ, ಕಡಿಮೆ ಮಳೆಯ ಸೀಮೆಗೆ ಸೇರಿದವು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಇಲ್ಲಿ ಅದರ ಐದನೇ ಒಂದು ಪಾಲೂ ಇಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆ ಕರಾವಳಿಯಲ್ಲಿ ಒಂದು ಮಳೆಗಾಲವೂ ಬಾಳದು. ಅಲ್ಲಿಗೆ ಹೋಗಬಲ್ಲದ್ದು ಕಂಬ, ಬೋದಿಗೆ, ಕೆತ್ತನೆಯ ಬಾಗಿಲು ಮಾತ್ರ. ನೋಡಿ ಬಂದವರು ಕಲಿಯುವ ಪಾಠವೂ ಅಷ್ಟೇ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳೆ ಮನೆಗಳ ‘ರಿನೋವೇಶನ್’ ಬಹುಮಟ್ಟಿಗೆ ಈ ಪಾಠದಂತೆಯೇ ನಡೆದಿದೆ: ತಲಬಾಗಿಲಿಗೆ ಪಾಲಿಶ್, ಕಂಬಕ್ಕೆ ವಾರ್ನಿಶ್, ಮೇಲೆ ಸ್ಲ್ಯಾಬ್. ಗುಣ ಉಳಿಯಿತು ಎಂದು ಎಲ್ಲರೂ ಮೆಚ್ಚುತ್ತಾರೆ. ಮನೆಯ ಗುಣ ಇದ್ದದ್ದೇ ಮೇಲೆ, ಮಾಳಿಗೆಯಲ್ಲಿ.

ಹುಕ್ಕೇರಿಯಿಂದ ಘಟ್ಟದ ಕಡೆ ಸರಿದಂತೆ ಮಳೆ ಹೆಚ್ಚಿ ಹೆಂಚಿನ ಮನೆಗಳು ಶುರುವಾಗುತ್ತವೆ. ಅವುಗಳ ಕಥೆ ಬೇರೆ. ಮೂಡಣ ಭಾಗದ ಮಾಳಿಗೆ ಮನೆಯ ಕಟ್ಟೋಣ ಹೀಗಿದೆ: ಕಲ್ಲಿನ ಮೇಲೆ ನಿಂತ ಕಂಬ, ಅದರ ನೆತ್ತಿಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಒತ್ತೊತ್ತಾಗಿ ಜಂತಿ. ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆ, ಸೊಪ್ಪು, ಹೊಟ್ಟು ಕಲಸಿದ ಕೆಸರು, ಆಮೇಲೆ ಬಡಿದು ಕೂರಿಸಿದ ಮಣ್ಣು. ಎಲ್ಲಕ್ಕಿಂತ ಮೇಲೆ ತೆಳುವಾಗಿ ಸವಳು ಮಣ್ಣು. ನೀರು ದೋಣಿಯತ್ತ ಹರಿಯುವಷ್ಟು ಓಟ. ಮಳೆಗಾಲಕ್ಕೆ ಮುಂಚೆ ಮನೆಯವರು ಮೇಲೆ ಹತ್ತಿ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಸವಳು ಹರಡುತ್ತಿದ್ದರು.

ಈ ಸವಳಿನ ಬಗ್ಗೆ ವಾಸ್ತುಶಿಲ್ಪದವರು ಒಂದು ಪುಟವನ್ನಾದರೂ ಬರೆಯಬೇಕಿತ್ತು. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಉಬ್ಬಿ, ಮಣ್ಣಿನ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಮೊದಲ ಮಳೆ ಮೇಲ್ಪದರವನ್ನು ನೆನೆಸಿ ಬಾಗಿಲು ಹಾಕುತ್ತದೆ, ಆಮೇಲಿನ ನೀರು ಒಳಗಿಳಿಯದೆ ದೋಣಿಗೆ ಹರಿಯುತ್ತದೆ. ಇಂಥ ಮಣ್ಣನ್ನು ಒಂದು ಗ್ಲಾಸ್ ನೀರಿಗೆ ಹಾಕಿ ನೋಡಬಹುದು: ಗಂಟೆಗಟ್ಟಲೆ ಬಿಟ್ಟರೂ ನೀರು ತಿಳಿಯಾಗುವುದಿಲ್ಲ, ಹಾಲಿನಂತೆ ಕದಡಿಯೇ ಇರುತ್ತದೆ. ಮಳೆ ನಿಂತ ಮೇಲೆ ಅದೇ ಪದರ ಒಣಗಿ, ಕೆಳಗಿನ ಪಸೆಯನ್ನೂ ಹೊರಬಿಡುತ್ತದೆ. ಜಂತಿ ಮುಗ್ಗಲಾಗುವುದಿಲ್ಲ.

ಘಟಪ್ರಭೆಯ ನೀರಾವರಿ ಪ್ರದೇಶದಲ್ಲಿ ಕಬ್ಬಿಗೆ ಅತಿಯಾಗಿ ನೀರು ಹಾಯಿಸಿ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ರೈತರು ಜಿಪ್ಸಂ ಹಾಕಿ ಆ ನೆಲವನ್ನು ಬಿಡಿಸಲು ನೋಡುತ್ತಾರೆ; ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಮ್ಮನ್ನು ಹೊರದೂಡಿ ನೀರು ಬಸಿಯುವಂತೆ ಮಾಡುತ್ತದೆ. ಹೊಲಕ್ಕೆ ಬೇಡವಾದ ಗುಣವೇ ಮಾಳಿಗೆಗೆ ಬೇಕಾದದ್ದು ಎಂದು ಯಾವ ಮಣ್ಣು ಪರೀಕ್ಷಾ ಕೇಂದ್ರವೂ ಇಲ್ಲದ ಕಾಲದಲ್ಲಿ ಹಳ್ಳಿಯ ಜನ ಕಂಡುಕೊಂಡಿದ್ದರು. ಕೆತ್ತಿದ ಬೋದಿಗೆಗಿಂತ ಇದು ದೊಡ್ಡ ಕಲೆ.

ಇನ್ನು ಸ್ಲ್ಯಾಬ್. ಮಣ್ಣು ಭಾರ, ಸ್ಲ್ಯಾಬ್ ಹಗುರ ಎಂಬ ವಾದವನ್ನು ಗೌಂಡಿಗಳೂ ಎಂಜಿನಿಯರುಗಳೂ ಮುಂದಿಡುತ್ತಾರೆ. ಲೆಕ್ಕದಲ್ಲಿ ಅದು ಸುಳ್ಳಲ್ಲ. ಐದು ಇಂಚಿನ ಆರ್‌ಸಿಸಿ ಚದರ ಮೀಟರಿಗೆ 300 ಕಿಲೋ ಆಸುಪಾಸು ತೂಗಿದರೆ, ಒಂದಡಿ ಬಡಿದ ಮಣ್ಣು 500 ಕಿಲೋ ಮುಟ್ಟುತ್ತದೆ. ಆದರೆ ಭಾರ ಎಷ್ಟು ಎಂಬುದಕ್ಕಿಂತ ಅದು ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ ಎಂಬುದನ್ನು ಕೇಳಬೇಕು. ಕಂಬದ ಮನೆಯಲ್ಲಿ ಮಣ್ಣಿನ ಭಾರ ಜಂತಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ ಇಳಿಯುತ್ತಿತ್ತು. ಗೋಡೆ ಬಹುಪಾಲು ಮರೆಗೆ ನಿಂತದ್ದು. ಸ್ಲ್ಯಾಬ್ ಬಂದಾಗ ಅದನ್ನು ಕೂರಿಸುವುದು ಆ ಮಣ್ಣಿನ ಗೋಡೆಯ ಮೇಲೆ. ಪಡಸಾಲೆಯ ಕಂಬಗಳು ಕೆಲಸ ಕಳೆದುಕೊಂಡು ಶೋಭೆಗೆ ನಿಲ್ಲುತ್ತವೆ. ಅದರ ಜೊತೆಗೆ ಗೋಡೆಗೆ ಸಿಮೆಂಟ್ ಗಿಲಾವು. ನೆಲದಿಂದ ಏರಿದ ಪಸೆ ಹೊರಹೋಗಲು ದಾರಿ ಸಿಗದೆ ಗಿಲಾವಿನ ಹಿಂದೆ ಮಣ್ಣು ಮೆತ್ತಗಾಗುತ್ತದೆ. ಹೊರಗೆ ನುಣುಪು, ಒಳಗೆ ಪುಡಿ. ಬೇಸಿಗೆಯಲ್ಲಿ ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಕೆಳಗೆ ಮಲಗಿದವರ ಮೇಲೆ ಆ ಕಾವನ್ನು ಬಿಡುತ್ತದೆ. ಮಣ್ಣಿನ ಕೆಳಗೆ ಮಲಗಿದವರಿಗೆ ಅದರ ಗೊಡವೆ ಇರಲಿಲ್ಲ.

ಇಲ್ಲಿ ಸಾಹಿತ್ಯ ವಿಮರ್ಶಕರ ಮೇಲೂ ಒಂದು ತಕರಾರಿದೆ. ಶಿಶುನಾಳ ಶರೀಫರ ಸೋರುವ ಮಾಳಿಗೆಯ ತತ್ವಪದವನ್ನು ಹಾಡದ ಊರಿಲ್ಲ. ವ್ಯಾಖ್ಯಾನಕಾರರು ಒಂದೇ ಸಮನೆ ಮಾಳಿಗೆ ಎಂದರೆ ದೇಹ, ಸೋರುವುದು ಎಂದರೆ ಅಜ್ಞಾನ ಎಂದು ಹೇಳಿ ಮುಂದೆ ಹೋಗುತ್ತಾರೆ. ಅರ್ಥ ತಪ್ಪಲ್ಲ, ಓದು ಅವಸರದ್ದು. ಮುರಿದ ತೊಲೆ, ಹುಳ ಹಿಡಿದ ಜಂತಿ, ಸಡಿಲಾದ ಕೀಲು, ಮೇಲೆ ಬೆಳೆದ ಕರಿಕೆ, ಮುತ್ತಿದ ಇರುವೆ, ನೀರಿನ ರಭಸಕ್ಕೆ ಕದಡಿದ ಮಣ್ಣು: ಶರೀಫರು ಇವನ್ನು ಬಾಯಿಗೆ ಬಂದಂತೆ ಸೇರಿಸಿದ್ದಲ್ಲ. ಕರಿಕೆಯ ಬೇರು ಸವಳಿನ ಪದರವನ್ನು ಸೀಳುತ್ತದೆ, ಇರುವೆ ಅದೇ ಸೀಳಿನಲ್ಲಿ ಗೂಡು ತೋಡುತ್ತದೆ, ಆ ತೂತಿಗೆ ನೀರು ನುಗ್ಗುತ್ತದೆ, ಜಂತಿಯ ತಲೆ ಗೋಡೆಯೊಳಗೆ ಸೇರುವಲ್ಲಿ ಕೊಳೆಯುತ್ತದೆ. ಇದು ಮಾಳಿಗೆ ಹತ್ತಿ ದುರಸ್ತಿ ಮಾಡಿ ಬಲ್ಲವನ ತಪಾಸಣೆ. ಮೇಲೆ ಹತ್ತಿ ಹೋಗಲಾರೆನೆಂಬ ಅಳಲು ಆ ಪದದಲ್ಲಿ ಅಷ್ಟು ತಟ್ಟುವುದು, ವರ್ಷಕ್ಕೊಮ್ಮೆಯಾದರೂ ಹತ್ತಲೇಬೇಕು ಎಂದು ಕೇಳುಗರಿಗೆ ಗೊತ್ತಿದ್ದರಿಂದ. ಸ್ಲ್ಯಾಬಿನ ಕೆಳಗೆ ಕುಳಿತು ಕ್ಯಾಸೆಟ್ಟಿನಲ್ಲಿ ಕೇಳಿದ ತಲೆಮಾರಿಗೆ ಆ ಅಧ್ಯಾತ್ಮದ ಅರ್ಧ ತೂಕ ಹೋಯಿತು.

ಮಣ್ಣಿನ ಮಾಳಿಗೆಯ ಪರವಾಗಿ ಮಾತಾಡುವವರು ಕಿಲ್ಲಾರಿಯನ್ನು ಮರೆಯಬಾರದು. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಲಾತೂರ್ ಸೀಮೆಯ ಸಾವಿರಾರು ಜನ ದಪ್ಪ ಕಲ್ಲುಗೋಡೆ ಮತ್ತು ಮಣ್ಣಿನ ಮಾಳಿಗೆಯ ಅಡಿ ಸಿಕ್ಕು ಸತ್ತರು. ವರ್ಷ ವರ್ಷವೂ ಹಳೆಯದನ್ನು ಕೆರೆಯದೆ ಹೊಸ ಮಣ್ಣು ಹೇರಿದ್ದರಿಂದ ಕೆಲವು ಮಾಳಿಗೆಗಳು ಎರಡಡಿ ದಾಟಿದ್ದವು. ಮರದ ಚೌಕಟ್ಟು ಗಟ್ಟಿಯಾಗಿದ್ದ ಕಡೆ ಗೋಡೆ ಕಳಚಿ ಬಿದ್ದರೂ ಮಾಳಿಗೆ ಕಂಬಗಳ ಮೇಲೆ ನಿಂತ ಉದಾಹರಣೆಗಳೂ ಅಲ್ಲಿವೆ. ಹಳೆ ಮಣ್ಣು ಕೆರೆದು ಇಳಿಸುವುದು ಹೊಸದನ್ನು ಹಾಕುವಷ್ಟೇ ಮುಖ್ಯ. ಅದು ಮೈಮುರಿಯುವ ಕೆಲಸ. ಇಲಿ, ಚೇಳಿನ ಕಾಟ ಬೇರೆ. ಸ್ಲ್ಯಾಬ್ ಬಯಸಿದ ಮನೆಯವರನ್ನು ದೂರುವಂತಿಲ್ಲ.

ದೂರಬೇಕಾದದ್ದು ಸರ್ಕಾರದ ಲೆಕ್ಕವನ್ನು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ಉಕ್ಕಿ ಗೋಕಾಕ ಮುಳುಗಿತು, ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಮಣ್ಣು ಕೆಲಸಕ್ಕೆ ಬಾರದು ಎಂಬ ತೀರ್ಪು ಅಂದೇ ಹೊರಬಿತ್ತು. ಬುಡದಲ್ಲಿ ದಿನಗಟ್ಟಲೆ ನಿಂತ ನೀರು ಹಸಿ ಮಣ್ಣಿನ ಗೋಡೆಯನ್ನು ಕರಗಿಸಿತು; ಮಾಳಿಗೆಯ ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಪರಿಹಾರ ಹಂಚುವಾಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯಾದದ್ದಕ್ಕೆ 50 ಸಾವಿರ. ಈ ಅಂತರದ ಮುಂದೆ ನಾಲ್ಕು ಜಂತಿ ಬದಲಿಸಿದರೆ ಇನ್ನೊಂದು ತಲೆಮಾರು ನಿಲ್ಲುವ ಮನೆಯನ್ನು ಯಾರು ಉಳಿಸಿಕೊಳ್ಳುತ್ತಾರೆ?

ಮಾಲಿ ದೇಶದ ಜೆನ್ನೆಯಲ್ಲಿ 1907ರಲ್ಲಿ ಕಟ್ಟಿದ ಮಣ್ಣಿನ ಮಸೀದಿಗೆ ಊರವರೆಲ್ಲ ಸೇರಿ ಪ್ರತಿ ವರ್ಷ ಹೊಸ ಕೆಸರು ಬಳಿಯುತ್ತಾರೆ. 1988ರಲ್ಲಿ ಆ ಊರು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಳಿಯುವ ಹಬ್ಬವನ್ನು ನೋಡಲು ಹೊರದೇಶದವರು ಹೋಗುತ್ತಿದ್ದರು. ಇಂಗ್ಲೆಂಡಿನ ವಿಲಿಯಂ ಮಾರಿಸ್ ಹಳೆ ಕಟ್ಟಡಗಳಿಗಾಗಿ 1877ರಲ್ಲಿ ಹುಟ್ಟುಹಾಕಿದ ಸಂಘದ ಪ್ರಣಾಳಿಕೆಯೂ ಜೀರ್ಣೋದ್ಧಾರದ ಬದಲು ದಿನನಿತ್ಯದ ಆರೈಕೆಯನ್ನೇ ಕೇಳಿತ್ತು. ಮೂಡಲಗಿಯ ಮನೆಯವರು ಮೇ ತಿಂಗಳ ಬಿಸಿಲಲ್ಲಿ ಮಾಡುತ್ತಿದ್ದದ್ದು ಅದನ್ನೇ. ಅವರಿಗೆ ಸಿಕ್ಕ ಹೆಸರು ಬಡವರ ಮನೆ ಎಂಬುದು.

ಮುಂದಿನ ನೆರೆ ಪರಿಹಾರದ ಆದೇಶದಲ್ಲಿ ಜಂತಿ ಬದಲಾವಣೆ, ಕಲ್ಲಿನ ಅಡಿಪಾಯ, ಮಾಳಿಗೆಯ ಮಣ್ಣು ಎಂಬ ಮೂರು ಬಾಬ್ತು ಸೇರಬೇಕು, ಮತ್ತು ಆ ಹಣ ಮನೆಯನ್ನು ಕೆಡವದೆ ಉಳಿಸಿಕೊಂಡವರಿಗೆ ಸಿಗಬೇಕು. ಸವಳನ್ನು ಬೆರಳಲ್ಲಿ ಉಜ್ಜಿ ಗುರುತಿಸಬಲ್ಲ ಹಿರಿಯ ಗೌಂಡಿಗಳು, ಕೊಳೆತ ಜಂತಿಯ ತಲೆ ಕತ್ತರಿಸಿ ಹೊಸದನ್ನು ಕೂಡಿಸಬಲ್ಲ ಬಡಿಗರು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಕೂಲಿ ಕೊಟ್ಟು ಹುಡುಗರಿಗೆ ಕಲಿಸುವ ವ್ಯವಸ್ಥೆ ಅವರ ಕೈ ಗಟ್ಟಿಯಿರುವಾಗಲೇ ಆಗಬೇಕು.