ತುಂಗಭದ್ರೆಯ ದಂಡೆಯ ನಿಂತುಹೋದ ಕಾರ್ಖಾನೆಗಳು ಮತ್ತು ಜಾನಪದ ಅಧ್ಯಯನ

ಪಾಳುಬಿದ್ದ ಗುಡಿ, ಕೋಟೆ, ವಾಡೆಗಳ ಬಗ್ಗೆ ಕನ್ನಡ ಸಂಶೋಧನೆಯು ತೋರಿದ ಆಸ್ಥೆಯನ್ನು ಪಾಳುಬಿದ್ದ ಕಾರ್ಖಾನೆಗಳ ಬಗ್ಗೆ ತೋರಿಲ್ಲ. ತುಂಗಭದ್ರೆಯ ದಂಡೆಯ ಹರಿಹರ ಪಟ್ಟಣ ಇದಕ್ಕೆ ಒಳ್ಳೆಯ ನಿದರ್ಶನ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬ, ಶಾಸನ, ಸ್ಥಳಪುರಾಣಗಳ ಮೇಲೆ ಬರಹಗಳಿವೆ. ಅದೇ ಊರಿನಲ್ಲಿ 1941ರಲ್ಲಿ ಆರಂಭವಾಗಿ ಸುಮಾರು ಆರು ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲಿ ನಿಂತಿತು. ಅದರ ಸುತ್ತ ಬೆಳೆದ ವಸತಿಯ ಹೆಸರು ಯಂತ್ರಪುರ. ಪುರ, ಹಳ್ಳಿ, ಕೊಪ್ಪ, ಪಾಡಿಗಳ ಮೂಲವನ್ನು ಶಾಸನಗಳಲ್ಲಿ ಹುಡುಕುವ ಸ್ಥಳನಾಮ ಅಧ್ಯಯನಕ್ಕೆ, ಕಣ್ಣೆದುರಿನಲ್ಲೇ ಹುಟ್ಟಿದ ಈ ಹೆಸರು ಒಂದು ಟಿಪ್ಪಣಿಗೂ ಯೋಗ್ಯವೆನಿಸದಿರುವುದು ಆಕಸ್ಮಿಕವಲ್ಲ. ಯಾವುದು ಪರಂಪರೆ, ಯಾವುದು ಅಲ್ಲ ಎಂಬ ತೀರ್ಮಾನ ಈ ಉಪೇಕ್ಷೆಯ ಹಿಂದೆ ಕೆಲಸ ಮಾಡಿದೆ.

ಈ ಪ್ರದೇಶದ ಭೌಗೋಳಿಕ ಇತಿಹಾಸವನ್ನು ಮೊದಲು ಗಮನಿಸಬೇಕು. 1956ರ ಏಕೀಕರಣದವರೆಗೆ ಇಲ್ಲಿ ಹೊಳೆಯೇ ಗಡಿ. ಪೂರ್ವದ ದಂಡೆ ಮೈಸೂರು ಸಂಸ್ಥಾನಕ್ಕೆ, ಪಶ್ಚಿಮದ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಡಳಿತದ ಗೆರೆ ಹೊಳೆಯ ನಡುವೆ ಇದ್ದರೂ ಸಂತೆ, ಜಾತ್ರೆ, ಬೀಗತನಗಳು ಎರಡೂ ದಂಡೆಗಳನ್ನು ಜೋಡಿಸಿದ್ದವು. ಕಾರ್ಖಾನೆಯ ಪಾಳಿ ಈ ಜೋಡಣೆಗೆ ಹೊಸದೊಂದು ಎಳೆಯಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ ಕಬ್ಬಿಣದ ನೇಗಿಲಿಗೆ ಬಂದವರು. ಆ ಮನೆತನದ ಹೆಸರು ಉತ್ತರ ಕರ್ನಾಟಕದ ಒಕ್ಕಲಿಗನಿಗೆ ಮೊದಲು ಪರಿಚಯವಾದದ್ದು ನೇಗಿಲಿನ ಮೂಲಕ, ಆಮೇಲೆ ಲೇತಿನ ಮೂಲಕ. ಕೃಷಿ ಉಪಕರಣಗಳ ಜಾನಪದವು ನೇಗಿಲನ್ನು ಸೇರಿಸಿಕೊಂಡು ಲೇತನ್ನು ಹೊರಗಿಟ್ಟಿತು.

ನಿಂತುಹೋದ ಕಾರ್ಖಾನೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಜಗತ್ತಿನ ಬೇರೆ ಬೇರೆ ನದೀತೀರಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಬ್ಯಾಂಕ್‌ಸೈಡ್ ವಿದ್ಯುದಾಗಾರ 1981ರಲ್ಲಿ ಮುಚ್ಚಿ, 2000ದಲ್ಲಿ ಟೇಟ್ ಮಾಡರ್ನ್ ಕಲಾಸಂಗ್ರಹಾಲಯವಾಗಿ ತೆರೆಯಿತು. ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ 1985ರಲ್ಲಿ ನಿಂತ ಕಬ್ಬಿಣದ ಕುಲುಮೆಗಳನ್ನು ಕೆಡವದೆ ಅವುಗಳ ನಡುವೆಯೇ ಉದ್ಯಾನವನ್ನು ಬೆಳೆಸಲಾಯಿತು. ಇವು ಮೆಚ್ಚತಕ್ಕ ಕೆಲಸಗಳೇ. ಆದರೆ ಕನ್ನಡದ ಸಂಶೋಧಕರು ನೋಡಬೇಕಾದ ಉದಾಹರಣೆಗಳು ಹತ್ತಿರದಲ್ಲಿವೆ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಕುಸಿದವು. ಗಿರಣಿ ಜಮೀನಿನಲ್ಲಿ ನಗರಕ್ಕೆ, ವಸತಿಗೆ, ಮಾಲೀಕರಿಗೆ ಪಾಲು ಹಂಚಬೇಕೆಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿ ಆ ಪಾಲನ್ನು ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು, 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾರ್ಮಿಕರ ಕೈಗೆ ನೆಲ ಬರಲಿಲ್ಲ. ಅವರ ಮಾತಾದರೂ ಉಳಿಯಿತೆಂದರೆ ಅದಕ್ಕೆ ಕಾರಣ ನೀರಾ ಅಡಾರ್ಕರ್ ಮತ್ತು ಮೀನಾ ಮೆನನ್ ಅವರು ಗಿರಣಗಾಂವಿನ ನೂರಾರು ಜನರ ನೆನಪುಗಳನ್ನು ಕಲೆಹಾಕಿ 2004ರಲ್ಲಿ ಪ್ರಕಟಿಸಿದ ಮೌಖಿಕ ಇತಿಹಾಸ. ಭಜನಾ ಮಂಡಳಿ, ತಮಾಷಾ, ಶಾಹಿರಿ, ಖಾನಾವಳಿಗಳೆಲ್ಲ ಅಲ್ಲಿ ಗಿರಣಿಯ ಬದುಕಿನ ಭಾಗವಾಗಿಯೇ ಬರುತ್ತವೆ. ಇದು ಜಾನಪದ ವಿಭಾಗಗಳು ಮಾಡಬೇಕಿದ್ದ ಕೆಲಸ, ಮಾಡಿದವರು ಒಬ್ಬ ವಾಸ್ತುಶಿಲ್ಪಿ ಮತ್ತು ಒಬ್ಬ ಕಾರ್ಮಿಕ ಹೋರಾಟಗಾರ್ತಿ.

ಅಹಮದಾಬಾದಿನ ಸಾಬರಮತಿ ದಂಡೆಯ ಅಭಿವೃದ್ಧಿ ಇನ್ನೊಂದು ಪಾಠ. ಅಲ್ಲಿ ಹೊಳೆಯ ಪಾತ್ರದಲ್ಲಿ ವಾಸವಿದ್ದ ಸಾವಿರಾರು ಕುಟುಂಬಗಳು ಊರ ಹೊರಗೆ ಹೋದವು. ಭಾನುವಾರದ ಗುಜರಿ ಸಂತೆಯನ್ನು ಹೊಸ ಕಟ್ಟೆಗೆ ಸ್ಥಳಾಂತರಿಸಲಾಯಿತು. ಸಂತೆ ಉಳಿಯಿತು ಎನ್ನಬಹುದು. ಆದರೆ ಸಂತೆಯೆಂದರೆ ಜಾಗ, ನೆರಳು, ಬಾಡಿಗೆ, ಅಗ್ಗ, ಚೌಕಾಶಿಗಳ ಒಂದು ಒಪ್ಪಂದ ಎಂಬುದು ಸಂತೆ ಬಲ್ಲ ಯಾರಿಗೂ ತಿಳಿದ ಸಂಗತಿ. ನದೀದಂಡೆಯನ್ನು 'ಸುಂದರ'ಗೊಳಿಸುವ ಯಾವ ಯೋಜನೆಯೂ ಬಟ್ಟೆ ಒಗೆಯುವ ಕಲ್ಲನ್ನು, ಎಮ್ಮೆ ಮೈತೊಳೆಯುವ ಇಳಿಜಾರನ್ನು, ಗಂಗಾಪೂಜೆಯ ಮಡುವನ್ನು ತನ್ನ ನಕಾಶೆಯಲ್ಲಿ ತೋರಿಸುವುದಿಲ್ಲ. ನಕಾಶೆಯಲ್ಲಿಲ್ಲದ್ದನ್ನು ತೆಗೆದುಹಾಕಲು ಅನುಮತಿ ಬೇಕಾಗುವುದೂ ಇಲ್ಲ.

ಇಲ್ಲಿ ಜಾನಪದ ಶಾಸ್ತ್ರದ ಹೊಣೆ ಏನು? ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನದಿಂದ ಇಂದಿನವರೆಗೆ ಬೀಸುವ, ಕುಟ್ಟುವ, ನಾಟಿ ಮಾಡುವ ಹಾಡುಗಳ ಸಂಗ್ರಹ ಸಮೃದ್ಧವಾಗಿ ನಡೆದಿದೆ. ಇವೆಲ್ಲವೂ ದುಡಿಮೆಯ ಹಾಡುಗಳು. ಆದರೆ ಬೀಸುವ ಕಲ್ಲನ್ನು ಮೂಲೆಗೆ ಸರಿಸಿದ ಹಿಟ್ಟಿನ ಗಿರಣಿ ಬಂದಾಗ ಸಂಗ್ರಾಹಕರು ಹಾಡು ಸತ್ತಿತೆಂದು ಮರುಗಿದರೇ ಹೊರತು, ಗಿರಣಿಯ ಮುಂದೆ ಸಾಲುಗಟ್ಟಿ ಕುಳಿತ ಹೆಂಗಸರ ಮಾತಿಗೆ ಕಿವಿಗೊಡಲಿಲ್ಲ. ಸಮಾನವಾದ ಒಂದಾದರೂ ಅಂಶವನ್ನು ಹಂಚಿಕೊಂಡ ಯಾವ ಗುಂಪೂ 'ಜನಪದ'ವೇ ಎಂಬ ಅಲನ್ ಡಂಡೆಸ್‌ನ ವ್ಯಾಖ್ಯೆ ನಮ್ಮ ಪಠ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೇ ಡಂಡೆಸ್ 1975ರಲ್ಲಿ ಕಾರ್ಲ್ ಪ್ಯಾಗ್ಟರ್ ಜೊತೆಗೂಡಿ ಕಚೇರಿಗಳಲ್ಲಿ ಕೈಯಿಂದ ಕೈಗೆ ಸಾಗುವ ಹಾಸ್ಯದ ಕಾಗದಗಳನ್ನು ಸಂಗ್ರಹಿಸಿದ್ದನ್ನು, ರಿಚರ್ಡ್ ಡಾರ್ಸನ್ ಇಂಡಿಯಾನಾದ ಉಕ್ಕಿನ ಪಟ್ಟಣಗಳ ಕಾರ್ಮಿಕರ ಕಥನಗಳನ್ನು 1981ರಲ್ಲಿ ಪುಸ್ತಕವಾಗಿಸಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ವ್ಯಾಖ್ಯೆಯನ್ನು ಒಪ್ಪಿದ ಕನ್ನಡ ಜಾನಪದ, ಬಹುಮಟ್ಟಿಗೆ ಕಾರ್ಖಾನೆಯ ಗೇಟಿನ ಹೊರಗೇ ನಿಂತಿತು. ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಸಂಸ್ಕೃತಿಯನ್ನು ಕುರಿತು 1998ರಲ್ಲಿ ಮಹತ್ವದ ಗ್ರಂಥ ಬರೆದ ಜಾನಕಿ ನಾಯರ್ ಇತಿಹಾಸಕಾರ್ತಿ, ಜಾನಪದ ವಿದ್ವಾಂಸರಲ್ಲ.

ವಿಚಿತ್ರವೆಂದರೆ, ಶಾಸ್ತ್ರ ಕಾಣದ್ದನ್ನು ಪರಂಪರೆ ಕಂಡಿತ್ತು. ಹಾವೇರಿ ಜಿಲ್ಲೆಯ ಶಿಶುವಿನಹಾಳದ ಶರೀಫರು (1819–1889) ಗಿರಣಿಯನ್ನೇ ರೂಪಕವಾಗಿಸಿ ತತ್ವಪದ ಹಾಡಿದವರು. ಯಂತ್ರವೆಂಬ ಹೊಸ ವಸ್ತು ಈ ಸೀಮೆಗೆ ಕಾಲಿಟ್ಟ ಹೊತ್ತಿನಲ್ಲೇ ಅನುಭಾವಿಯೊಬ್ಬರು ಅದರ ಚಕ್ರ, ಎಳೆ, ಸದ್ದುಗಳನ್ನು ದೇಹತತ್ವದ ಭಾಷೆಗೆ ತಂದುಕೊಂಡರು. ಕೊಡ, ತೇರು, ಮಗ್ಗಗಳಿಗಿಂತ ಗಿರಣಿ ಕಡಿಮೆಯ ವಸ್ತುವೆಂದು ಅವರಿಗೆ ತೋರಲಿಲ್ಲ. ಯಂತ್ರ ಬಂದೊಡನೆ ಜನಪದ ಅಳಿಯುತ್ತದೆ ಎಂಬ ನಂಬಿಕೆ ಜನಪದರದ್ದಲ್ಲ, ಅವರನ್ನು ಅಧ್ಯಯನ ಮಾಡಿದವರದ್ದು.

ಖಂಡೇಪೂಜೆಯ ದಿನ ಈ ಮಾತಿಗೆ ಸಾಕ್ಷಿ ದೊರೆಯುತ್ತದೆ. ನವರಾತ್ರಿಯ ಆ ಹೊತ್ತಿನಲ್ಲಿ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಅದೇ ಹಬ್ಬದಲ್ಲಿ ಕುಂಟೆ, ಕುಡಗೋಲುಗಳಂತೆ ಲೇತು, ಡ್ರಿಲ್ಲು, ಲಾರಿಗಳಿಗೂ ವಿಭೂತಿ, ಕುಂಕುಮ, ಚೆಂಡುಹೂ, ಬೂದುಗುಂಬಳ ಸಲ್ಲುತ್ತವೆ. ಕಾರಣಿಕದ ಮೇಲೆ ಅಧ್ಯಯನಗಳಿವೆ. ಯಂತ್ರದ ಪೂಜೆಯ ಮೇಲೆ ಇಲ್ಲವೆನ್ನುವಷ್ಟು ಕಡಿಮೆ. ವರ್ಷವಿಡೀ ಕಾರ್ಮಿಕ ಕಾಯ್ದೆ ಮತ್ತು ಮೇಸ್ತ್ರಿಯ ನಡುವೆ ನಡೆಯುವ ಸಂಬಂಧ ಒಂದು ದಿನ ಆರತಿ ತಟ್ಟೆಯ ಸುತ್ತ ಹೇಗೆ ಬದಲಾಗುತ್ತದೆ, ಮೊದಲ ಕಾಯಿ ಯಾರು ಒಡೆಯುತ್ತಾರೆ, ಸಿಹಿಯ ಪೊಟ್ಟಣ ಗುತ್ತಿಗೆಯವನಿಗೂ ಸಿಗುತ್ತದೆಯೇ ಎಂಬ ಪ್ರಶ್ನೆಗಳು ಆಚರಣೆಯ ಅಧ್ಯಯನಕ್ಕೆ ತಕ್ಕ ಪ್ರಶ್ನೆಗಳೇ ಆಗಿವೆ.

ಇದಕ್ಕಿಂತ ಮುಖ್ಯವಾದದ್ದು ಕೆಲಸದ ಜ್ಞಾನ. ಎರಕದ ಮನೆಯಲ್ಲಿ ಕಾದ ಲೋಹದ ಬಣ್ಣ ನೋಡಿ ಹೊಯ್ಯುವ ಗಳಿಗೆಯನ್ನು ತಿಳಿಯುವುದು, ಲೇತಿನ ಸದ್ದು ಬದಲಾದಾಗಲೇ ಉಳಿ ಮೊಂಡಾಯಿತೆಂದು ಅರಿಯುವುದು, ಕೈಬೆರಳಿಂದ ಸವರಿ ಮೇಲ್ಮೈಯ ನುಣುಪನ್ನು ಅಳೆಯುವುದು ಕೈಪಿಡಿಯಲ್ಲಿ ಬರೆದಿಡುವ ವಿದ್ಯೆಯಲ್ಲ. ಒಬ್ಬನ ಪಕ್ಕದಲ್ಲಿ ಇನ್ನೊಬ್ಬ ವರ್ಷಗಟ್ಟಲೆ ನಿಂತು ಕಲಿತದ್ದು. ಕುಂಬಾರನ ತಿಗರಿ, ಕಮ್ಮಾರನ ತಿದಿಗಳಲ್ಲಿ ನಾವು ಹುಡುಕುವ ಮೌಖಿಕ ಪ್ರಸರಣ ಇದೇ. ಮೈಸೂರು ಕಿರ್ಲೋಸ್ಕರಿನ 'ಎಂಟರ್‌ಪ್ರೈಸ್', 'ಟರ್ನ್‌ಮಾಸ್ಟರ್' ಲೇತುಗಳು ತಾಯಿ ಕಾರ್ಖಾನೆ ಮುಚ್ಚಿದ ಮೇಲೂ ಸಣ್ಣ ವರ್ಕ್‌ಶಾಪುಗಳಲ್ಲಿ ತಿರುಗುತ್ತ ಬಂದಿವೆ. ಯಂತ್ರ ಉಳಿದಿದೆ, ಅದನ್ನು ಹುಟ್ಟಿಸಿದ ಕೈಗಳ ದಾಖಲೆ ಉಳಿದಿಲ್ಲ.

ಪಾಳು ಕಾರ್ಖಾನೆಯನ್ನು ಸಾಂಸ್ಕೃತಿಕ ಕೇಂದ್ರವಾಗಿಸುವ ಸಲಹೆ ಬಂದಾಗಲೆಲ್ಲ ಜಾನಪದಕ್ಕೆ ಕರೆ ಬರುತ್ತದೆ ಎಂಬುದೂ ನಿಜ. ಆದರೆ ಆ ಕರೆ ಅಲಂಕಾರಕ್ಕೆ. ಗೋಡೆಯ ಮೇಲೆ ಡೊಳ್ಳು ಕುಣಿತದ ಚಿತ್ರ, ಬಾಗಿಲಲ್ಲಿ ಎತ್ತಿನ ಗಾಡಿ, ಉದ್ಘಾಟನೆಗೆ ಕರಡಿ ಮಜಲು. ಆ ಛಾವಣಿಯ ಕೆಳಗೆ ದುಡಿದವರ ಜಾನಪದ ಇರಬೇಕಾದ ಕಡೆ ಎಲ್ಲಿಯದೋ ಹಳ್ಳಿಯ ಜಾನಪದ ಬಂದು ಕೂರುತ್ತದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಉತ್ತರ ಕರ್ನಾಟಕದ ಗ್ರಾಮಜೀವನವನ್ನು ಆಳೆತ್ತರದ ಶಿಲ್ಪಗಳಲ್ಲಿ ಅಸಾಧಾರಣ ಸೂಕ್ಷ್ಮತೆಯಿಂದ ಕಟ್ಟಿಕೊಟ್ಟಿದೆ. ದೊಡ್ಡಾಟದ ಒಡನಾಟವಿದ್ದ ಕಲಾವಿದನ ಕಣ್ಣು ಅಲ್ಲಿ ಎದ್ದು ಕಾಣುತ್ತದೆ, ಆ ಸಾಧನೆಯನ್ನು ಕಿರಿದುಗೊಳಿಸಲಾಗದು. ಆದರೆ ಆ ಶಿಲ್ಪಗಳ ಸಿಮೆಂಟ್ ಕಾರ್ಖಾನೆಯಿಂದ ಬಂದದ್ದು. ಅದೇ ಮಾದರಿಯನ್ನು ಕಾರ್ಖಾನೆಯ ಆವರಣಕ್ಕೆ ತಂದು ನಿಲ್ಲಿಸಿದರೆ ಅದು ಸ್ಮಾರಕವಾಗದೆ ಮರೆವಿನ ಇನ್ನೊಂದು ರೂಪವಾಗುತ್ತದೆ.

ಹಾಗೆಂದು ಕಾರ್ಖಾನೆಯ ನೆನಪನ್ನು ಕಾರ್ಮಿಕರ ನೆನಪು ಮಾತ್ರವೆಂದು ತಿಳಿಯುವುದೂ ತಪ್ಪು. ಹೊಳೆಯ ಇನ್ನೊಂದು ದಂಡೆ ಇದನ್ನು ಒಪ್ಪುವುದಿಲ್ಲ. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಉತ್ಪಾದನೆ ಆರಂಭಿಸಿದ ಹರಿಹರ ಪಾಲಿಫೈಬರ್ಸ್ ಸಾವಿರಾರು ಜನರಿಗೆ ಕೆಲಸ ಕೊಟ್ಟಿತು. 1980ರ ದಶಕದಲ್ಲಿ ಅದರ ತ್ಯಾಜ್ಯದಿಂದ ಹೊಳೆ ಕೆಟ್ಟಿತೆಂಬ, ಮೀನು ಸತ್ತವೆಂಬ ದೂರು ಕೆಳದಂಡೆಯ ಹಳ್ಳಿಗಳಿಂದ ಎದ್ದಿತು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಅದನ್ನು ಚಳವಳಿಯಾಗಿಸಿತು. ಅದೇ ವರ್ಷ ರಚನೆಯಾದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರು ಸಾಮೂಹಿಕ ಭೂಮಿಯನ್ನು ಕೊಡುವ ನಿರ್ಧಾರಕ್ಕೆ ಉತ್ತರವಾಗಿ 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚುವ ಆ ಹೋರಾಟಕ್ಕೆ ಸಿಕ್ಕ ಹೆಸರು 'ಕಿತ್ತಿಕೋ ಹಚ್ಚಿಕೋ'. ಕಳೆ ಕೀಳುವ, ಸಸಿ ಹಚ್ಚುವ ಒಕ್ಕಲುತನದ ಎರಡು ಕ್ರಿಯಾಪದಗಳು ರಾಜಕೀಯ ಘೋಷಣೆಯಾದ ಬಗೆ ಭಾಷಾಜಾನಪದಕ್ಕೆ ಅಮೂಲ್ಯ ಸಾಮಗ್ರಿ. 1991ರಲ್ಲಿ ಆ ಕಂಪನಿ ಮುಚ್ಚಿತು. ಕುಮಾರಪಟ್ಟಣದ ಗಿರಣಿ ಮುಂದುವರಿಯಿತು.

ಹೀಗೆ ಒಂದೇ ಹೊಳೆಯ ಸುತ್ತ ಎರಡು ನೆನಪುಗಳಿವೆ. ಪಗಾರದ ದಿನ ಸಂತೆಗೆ ಹೋದ ಕಾರ್ಮಿಕನ ನೆನಪಿನಲ್ಲಿ ಕಾರ್ಖಾನೆ ಅನ್ನದಾತ. ಅಂಬಿಗನ, ಮೀನುಗಾರನ, ಗೋಮಾಳ ಕಳೆದುಕೊಳ್ಳಲಿದ್ದ ದನಗಾಹಿಯ ನೆನಪಿನಲ್ಲಿ ಅದೇ ಶತ್ರು. ಎಷ್ಟೋ ಮನೆಗಳಲ್ಲಿ ಈ ಇಬ್ಬರೂ ಅಣ್ಣತಮ್ಮಂದಿರೇ ಆಗಿರಬಹುದು. ಪರಂಪರೆಯ ಹೆಸರಿನ ಯೋಜನೆಗಳು ಇಂಥ ವಿರೋಧವನ್ನು ಸಹಿಸುವುದಿಲ್ಲ. ಅವುಗಳಿಗೆ ಒಂದೇ ಕಥೆ ಬೇಕು, ಅದೂ ಫಲಕದಲ್ಲಿ ಹಿಡಿಸುವಷ್ಟು. ಒಂದೇ ಘಟನೆಗೆ ಹತ್ತು ಪಾಠಾಂತರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ರೂಢಿಯಿರುವ ಶಾಸ್ತ್ರಕ್ಕೆ ಇಲ್ಲಿ ನಿಜವಾದ ಕೆಲಸವಿದೆ.

ಮೇಲ್ದಂಡೆಯ ಸ್ಥಿತಿಯೂ ಇದೇ. ಭದ್ರಾವತಿಯಲ್ಲಿ 1930ರ ದಶಕದಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಕನ್ನಡದ ಎಷ್ಟೋ ಪತ್ರಿಕೆಗಳು ಅಚ್ಚಾದದ್ದು ಅಲ್ಲಿಯ ಕಾಗದದ ಮೇಲೆ. ಅಲ್ಲಿನ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಘೋಷಣೆ 2023ರ ಆರಂಭದಲ್ಲಿ ಬಂದಾಗ ಕಾರ್ಮಿಕರು ಬೀದಿಗಿಳಿದರು.

ಬ್ಯಾಡಗಿಯ ಸ್ಥಿತಿ ಬೇರೆ, ಅಲ್ಲಿಯ ಉದ್ಯಮ ಜೀವಂತವಾಗಿದೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ, ಕಡ್ಡಿ ತಳಿಗಳು, ಅದರ ಬಣ್ಣ ತೆಗೆಯುವ ಘಟಕಗಳು, ಶೀತಲಗೃಹಗಳು ಪಟ್ಟಣದ ಬದುಕನ್ನು ನಡೆಸುತ್ತಿವೆ. ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಉರಿಯುವ ಬೆರಳು, ಅವರ ಮಾತು, ನಗೆ, ಕೂಲಿಯ ಲೆಕ್ಕ ಯಾವ ಸಂಪುಟದಲ್ಲೂ ಸೇರಿಲ್ಲ. ಹಾವೇರಿಯ ಏಲಕ್ಕಿ ಹಾರ ಕೈಕಸಬೆಂಬ ಕಾರಣಕ್ಕೆ ದಾಖಲಾಗುತ್ತದೆ, ತೊಟ್ಟು ಮುರಿಯುವುದು ಬರಿಯ ಕೂಲಿಯೆಂದು ಬಿಟ್ಟುಹೋಗುತ್ತದೆ. ಉದ್ಯಮ ಪಾಳುಬಿದ್ದ ಮೇಲೆ ಅದರ ಜಾನಪದವನ್ನು ಹುಡುಕಿಕೊಂಡು ಹೋಗುವ ಸ್ಥಿತಿ ಹರಿಹರದಲ್ಲಿ ಬಂದಿದೆ. ಬ್ಯಾಡಗಿಯಲ್ಲಿ ಅದು ಬರಬೇಕಾಗಿಲ್ಲ.

ಹರಿಹರದ ಆವರಣ ಮುಂದೆ ಏನೇ ಆಗಲಿ, ವಸತಿ, ಹೊಸ ಉದ್ಯಮ, ಉದ್ಯಾನ ಯಾವುದಾದರೂ ಸರಿ, ಗೋಡೆ ಕೆಡಹುವ ಮೊದಲು ನಡೆಯಬೇಕಾದ ಕೆಲಸ ಒಂದಿದೆ. ಯಾವ ಷೆಡ್ಡಿಗೆ ಕಾರ್ಮಿಕರು ಏನೆಂದು ಕರೆಯುತ್ತಿದ್ದರು, ಯಾವ ಮೂಲೆಯಲ್ಲಿ ಯಾವ ದೇವರ ಪಟವಿತ್ತು, ಅಪಘಾತವಾದ ಯಂತ್ರಕ್ಕೆ ಏನು ಶಾಂತಿ ಮಾಡಿಸಿದರು, ಪಾಳಿಯ ಸೀಟಿ ಯಂತ್ರಪುರದ ಯಾವ ಮನೆಯ ಒಲೆಯ ಹೊತ್ತನ್ನು ನಿರ್ಧರಿಸುತ್ತಿತ್ತು, ಕೊನೆಯ ದಿನ ಗೇಟಿನಲ್ಲಿ ಏನು ಮಾತಾಯಿತು ಎಂಬುದನ್ನು ಆ ಆವರಣದಲ್ಲೇ ಹಳೆಯ ಕಾರ್ಮಿಕರನ್ನು ನಡೆಸಿಕೊಂಡು ಹೋಗಿ ಧ್ವನಿಮುದ್ರಿಸಬೇಕು. ನೆನಪು ಜಾಗವನ್ನು ಹಿಡಿದು ಬರುತ್ತದೆ. ಷೆಡ್ಡು ಬಿದ್ದ ಮೇಲೆ ಪಡಸಾಲೆಯಲ್ಲಿ ಕೂಡಿಸಿ ಕೇಳಿದರೆ ಅರ್ಧ ಮಾತೂ ಬಾರದು. 1960ರ ದಶಕದಲ್ಲಿ ಅಲ್ಲಿ ತರಬೇತಿಗೆ ಸೇರಿದ ಹುಡುಗರಿಗೆ ಈಗ ಎಂಬತ್ತರ ಆಸುಪಾಸಿನ ವಯಸ್ಸು. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಗೊಟಗೋಡಿಯಲ್ಲಿದೆ, ಅದರ ಮುಂದಿನ ಹೆದ್ದಾರಿಯೇ ಹಾವೇರಿ, ರಾಣೆಬೆನ್ನೂರುಗಳನ್ನು ದಾಟಿ ಹರಿಹರದ ಬಳಿ ಹೊಳೆಯನ್ನು ದಾಟುತ್ತದೆ. ಎಂ.ಎ. ತರಗತಿಯ ಒಂದು ವರ್ಷದ ಕ್ಷೇತ್ರಕಾರ್ಯವನ್ನು ಯಂತ್ರಪುರಕ್ಕೆ, ಮರುವರ್ಷದ್ದನ್ನು ಕುಮಾರಪಟ್ಟಣದ ಕೆಳದಂಡೆಯ ಹಳ್ಳಿಗಳಿಗೆ ಮೀಸಲಿಟ್ಟರೆ ಈ ಕೆಲಸ ಆರಂಭವಾಗುತ್ತದೆ.